ಅಜ್ಜನ ಅಜ್ಜನ ಜಾಡು ಹಿಡಿದು

ಕೊಪ್ಪಳ ಜಿಲ್ಲೆಯ ಯಾವ ಶಾಲೆಗೆ ಹೋಗಿ ‘ನಿನ್ನ ಅಜ್ಜನ ಹೆಸರೇನು?’ ಎಂದು ಕೇಳಿದರೂ ಮಕ್ಕಳು ಥಟ್ಟನೆ ಉತ್ತರ ಹೇಳುತ್ತಾರೆ. ಎಷ್ಟೋ ಹುಡುಗರಿಗೆ ಅಜ್ಜನ ಹೆಸರನ್ನೇ ಇಟ್ಟಿರುತ್ತಾರಾದ್ದರಿಂದ ಮರೆಯುವ ಪ್ರಶ್ನೆಯೇ ಬರುವುದಿಲ್ಲ. ‘ಅಜ್ಜನ ಅಪ್ಪ ಯಾರು?’ ಎಂದರೆ ಅರ್ಧ ತರಗತಿ ತಲೆ ಕೆರೆದುಕೊಳ್ಳುತ್ತದೆ. ‘ಅಜ್ಜನ ಅಜ್ಜ?’ ಎಂದರೆ ಇಡೀ ತರಗತಿ ಮೌನ. ಇದು ಮಕ್ಕಳ ತಪ್ಪಲ್ಲ. ಮನೆಯ ದೊಡ್ಡವರನ್ನು ಕೇಳಿದರೂ ಬಹುಪಾಲು ಇದೇ ಕಥೆ. ಒಂದು ತಲೆಮಾರಿಗೆ 25 ವರ್ಷ ಎಂದಿಟ್ಟುಕೊಂಡರೆ ಅಜ್ಜನ ಅಜ್ಜ ಹುಟ್ಟಿದ್ದು ಇಂದಿನ ವಿದ್ಯಾರ್ಥಿಗಿಂತ ಸುಮಾರು ನೂರು ವರ್ಷ ಮೊದಲು ಮಾತ್ರ. ಅಷ್ಟರಲ್ಲೇ ಒಬ್ಬ ಮನುಷ್ಯ ಹೆಸರು ಸಹಿತ ಮರೆಯಾಗಿಬಿಡುತ್ತಾನೆ.

ಹಾಗೆಂದು ಈ ನೆಲಕ್ಕೆ ನೆನಪಿನ ಬಡತನವಿಲ್ಲ. ಕೊಪ್ಪಳ, ಯಲಬುರ್ಗಾ, ಕುಷ್ಟಗಿ, ಗಂಗಾವತಿ ಈ ನಾಲ್ಕು ಹಳೆಯ ತಾಲ್ಲೂಕುಗಳಲ್ಲಿ ಒಂದು ಸುತ್ತು ಹಾಕಿದರೆ ಪೂರ್ವಜರ ನೆನಪನ್ನು ಕಲ್ಲಿನಲ್ಲಿ, ನಾಲಿಗೆಯಲ್ಲಿ, ಕಾಗದದಲ್ಲಿ ಕಾಪಾಡಿಕೊಂಡು ಬಂದ ಬಗೆಗಳೆಲ್ಲ ಕಾಣಸಿಗುತ್ತವೆ. ಅವು ಯಾರನ್ನು ನೆನಪಿಟ್ಟವು, ಯಾರನ್ನು ಬಿಟ್ಟವು ಎಂಬುದೂ ತಿಳಿಯುತ್ತದೆ.

ಕಲ್ಲಿನಲ್ಲಿ ತಾಯಿಯ ಹೆಸರು

ಗದಗದಿಂದ ಕೊಪ್ಪಳಕ್ಕೆ ಬರುವ ರೈಲು ಬನ್ನಿಕೊಪ್ಪ ಎಂಬ ಚಿಕ್ಕ ನಿಲ್ದಾಣದಲ್ಲಿ ನಿಲ್ಲುತ್ತದೆ. ಅಲ್ಲಿಂದ ಇಟಗಿ ಸಮೀಪ. ಹಿಂದೆ ಯಲಬುರ್ಗಾ ತಾಲ್ಲೂಕಿಗೆ ಸೇರಿದ್ದ ಈ ಊರು ಈಗ ಕುಕನೂರು ತಾಲ್ಲೂಕಿನಲ್ಲಿದೆ. ಸುತ್ತಲೂ ಎರೆಹೊಲ, ನಡುವೆ ಮಹಾದೇವ ದೇವಾಲಯ. ಕ್ರಿ.ಶ. 1112ರಲ್ಲಿ, ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಮಹಾದೇವನೆಂಬ ದಂಡನಾಯಕ ಇದನ್ನು ಕಟ್ಟಿಸಿದ. ಶಾಸನವೇ ಇದನ್ನು ‘ದೇವಾಲಯ ಚಕ್ರವರ್ತಿ’ ಎಂದು ಕರೆದಿದೆ. ನೋಡಲು ಬಂದವರು ಕಂಬಗಳ ನುಣುಪನ್ನು ಸವರಿ, ಛತ್ತಿನ ಕೆತ್ತನೆಗೆ ತಲೆಯೆತ್ತಿ, ಫೋಟೋ ತೆಗೆದುಕೊಂಡು ಹೋಗುತ್ತಾರೆ.

ಆದರೆ ಇಟಗಿ ಒಂದು ಮನೆತನದ ದಾಖಲೆಯೂ ಹೌದು. ಮಹಾದೇವ ಇಲ್ಲಿ ತನ್ನ ತಂದೆಯ ನೆನಪಿಗೆ ನಾರಾಯಣನ ಗುಡಿಯನ್ನೂ, ತಾಯಿಯ ಹೆಸರಿನಲ್ಲಿ ಚಂದಲೇಶ್ವರಿಯ ಗುಡಿಯನ್ನೂ ಕಟ್ಟಿಸಿದ. ಒಂಬೈನೂರು ವರ್ಷಗಳ ಹಿಂದಿನ ಒಬ್ಬ ಮಗನಿಗೆ ತಂದೆಯ ಜೊತೆ ತಾಯಿಯ ಹೆಸರೂ ಉಳಿಯಬೇಕು ಎನ್ನಿಸಿತಲ್ಲ, ಅದು ವಿಶೇಷ. ಮುಂದೆ ಈ ಸೀಮೆಯ ವಂಶಾವಳಿಗಳನ್ನು ನೋಡುತ್ತ ಹೋದಂತೆ ಇದರ ಬೆಲೆ ಇನ್ನಷ್ಟು ತಿಳಿಯುತ್ತದೆ.

ದಂಡನಾಯಕನ ಕೈಯಲ್ಲಿ ಅಧಿಕಾರವಿತ್ತು, ಹಣವಿತ್ತು. ಕಲ್ಲುಕುಟಿಗರು ಆತನ ಹೇಳಿಕೆಯಂತೆ ಕೆತ್ತಿದರು. ಅದೇ ಗುಡಿಗೆ ಕಲ್ಲು ಹೊತ್ತವನ, ಆ ಕೆಲಸಗಾರರಿಗೆ ರೊಟ್ಟಿ ಬಡಿದ ಹೆಂಗಸಿನ ಹೆಸರು ಎಲ್ಲಿ ಹುಡುಕುವುದು?

ಎತ್ತಿನ ಮೇಲೆ ಬರುವ ವಂಶಾವಳಿ

ಅದಕ್ಕೆ ಉತ್ತರ ಬಯಸುವವರು ಇಟಗಿಯಿಂದ ಉತ್ತರಕ್ಕೆ, ಯಲಬುರ್ಗಾ ದಾಟಿ ಕುಷ್ಟಗಿಯ ಹಳ್ಳಿಗಳತ್ತ ಸಾಗಬೇಕು. ಬಿಳಿಜೋಳದ ಸುಗ್ಗಿ ಮುಗಿದು ಕಾಳು ಮನೆ ಸೇರುವ ಕಾಲಕ್ಕೆ ಉತ್ತರ ಕರ್ನಾಟಕದ ಹಳ್ಳಿಗಳಿಗೆ ಹೆಳವರು ಬರುತ್ತಿದ್ದರು. ‘ಹೆಳವ’ ಎಂದರೆ ಕಾಲಿಲ್ಲದವ, ಕುಂಟ. ಎತ್ತಿನ ಮೇಲೆ ಕುಳಿತು, ಕಾಲು ಕಾಣದಂತೆ ಕಂಬಳಿ ಹೊದ್ದು, ಕೈಯಲ್ಲಿ ದೊಡ್ಡ ಗಂಟೆ ಹಿಡಿದು ಬರುವುದು ಅವರ ಹಳೆಯ ಪದ್ಧತಿ. ಗಂಟೆಯ ಸದ್ದು ಕೇಳಿದರೆ ಮನೆಯ ಯಜಮಾನ ಕಟ್ಟೆಯ ಮೇಲೆ ಕಂಬಳಿ ಹಾಸುತ್ತಿದ್ದ.

‘ಹೆಳವ ಬಂದಾನ್ರೀ ಯವ್ವಾ, ಹಿರೇರ ಹೆಸರು ಹೇಳ್ತೀನಿ, ಕೇಳ್ರಿ’ ಎಂದು ಶುರು ಮಾಡಿದರೆ ಹೆಳವನ ಮಾತು ಹೊಳೆಯಂತೆ ಹರಿಯುತ್ತಿತ್ತು. ಈ ಮನೆತನದ ಮೂಲಪುರುಷ ಯಾವ ಊರಿನವ, ಏಕೆ ಊರು ಬಿಟ್ಟ, ಆತನಿಗೆ ಎಷ್ಟು ಜನ ಮಕ್ಕಳು, ಅವರಲ್ಲಿ ಯಾರು ಎಲ್ಲಿ ನೆಲೆ ನಿಂತರು, ಮನೆದೇವರು ಯಾವುದು, ಬೆಡಗು ಯಾವುದು ಎಲ್ಲವನ್ನೂ ಒಂದರ ಹಿಂದೊಂದು ಹೇಳಿ, ಎದುರಿಗೆ ಕುಳಿತ ಯಜಮಾನನ ತನಕ ತಂದು ನಿಲ್ಲಿಸುತ್ತಿದ್ದ. ಕಳೆದ ಸಲ ಬಂದು ಹೋದ ಮೇಲೆ ಹುಟ್ಟಿದ ಮಕ್ಕಳ ಹೆಸರು ಕೇಳಿ ಸೇರಿಸಿಕೊಳ್ಳುತ್ತಿದ್ದ. ಪ್ರತಿಯಾಗಿ ಕಾಳುಕಡಿ, ಬಟ್ಟೆ, ಅನುಕೂಲವಿದ್ದರೆ ಒಂದು ಕರು ಸಿಗುತ್ತಿತ್ತು. ಯಾವ ಊರು, ಯಾವ ಮನೆತನ ಯಾವ ಹೆಳವನಿಗೆ ಎಂಬುದು ಅವರವರಲ್ಲೇ ತಲೆಮಾರಿನಿಂದ ಹಂಚಿಕೆಯಾಗಿರುತ್ತಿತ್ತು. ಮೊದಲು ಬಾಯಿಪಾಠ ಮತ್ತು ಓಲೆಗರಿ, ಆಮೇಲೆ ಕಾಗದದ ಹೊತ್ತಿಗೆಗಳು ಇವರ ಆಸ್ತಿಯಾದವು. ತೆಲುಗು ಸೀಮೆಯಲ್ಲಿ ಇದೇ ಕಸುಬಿನವರನ್ನು ಪಿಚ್ಚಗುಂಟರೆನ್ನುತ್ತಾರೆ. ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಗ್ರಂಥದಲ್ಲಿ ಇವರ ವಿವರವಿದೆ.

ಒಂದು ಲೆಕ್ಕದಲ್ಲಿ ಹೆಳವ ಊರೂರು ತಿರುಗುವ ರಿಜಿಸ್ಟ್ರಾರ್. ಈತನ ಮಾತಿಗೆ ಉಪಯೋಗವೂ ಇತ್ತು. ಒಂದೇ ಬೆಡಗಿನವರು ಅಣ್ಣತಮ್ಮಂದಿರು, ಅವರಲ್ಲಿ ಕೊಡುಕೊಳ್ಳುವಿಕೆ ಇಲ್ಲ. ಹೀಗಾಗಿ ಮದುವೆಯ ಮಾತಿಗೆ ವಂಶಾವಳಿ ಬೇಕಾಗುತ್ತಿತ್ತು.

ಹೆಳವ ಹೇಳಿದ್ದೆಲ್ಲ ನಿಜವೇ? ಈ ಪ್ರಶ್ನೆ ಜಗತ್ತಿನ ಎಲ್ಲ ಕಡೆಯೂ ಇದೆ. ಅಮೆರಿಕದ ಕರಿಯ ಲೇಖಕ ಅಲೆಕ್ಸ್ ಹೇಲಿ, ಗುಲಾಮನಾಗಿ ಹಡಗು ಹತ್ತಿದ ತನ್ನ ಪೂರ್ವಜನನ್ನು ಹುಡುಕುತ್ತ ಆಫ್ರಿಕದ ಗ್ಯಾಂಬಿಯಾಕ್ಕೆ ಹೋಗಿ, ಅಲ್ಲಿ ವಂಶಕಥನ ಹೇಳುವವನ ಬಾಯಿಂದ ‘ಕುಂಟಾ ಕಿಂಟೆ’ಯ ಹೆಸರು ಕೇಳಿದ್ದನ್ನು ‘ರೂಟ್ಸ್’ ಎಂಬ ಪುಸ್ತಕದಲ್ಲಿ ಬರೆದ. 1976ರಲ್ಲಿ ಬಂದ ಆ ಪುಸ್ತಕ ಲಕ್ಷಾಂತರ ಜನರಿಗೆ ತಮ್ಮ ಬೇರು ಹುಡುಕುವ ಹುರುಪು ತಂದಿತು. ಆದರೆ ಆ ಕಥನ ದಾಖಲೆಗಳಿಗೆ ಹೊಂದುವುದಿಲ್ಲವೆಂದು ಸಂಶೋಧಕರು ಆಮೇಲೆ ತಕರಾರು ಎತ್ತಿದರು. ಕೇಳುವವನಿಗೆ ಇಷ್ಟವಾದುದನ್ನೇ ಹೇಳುವ ಅಪಾಯ ವಂಶ ಹೊಗಳುವ ಕಸುಬಿನಲ್ಲಿ ಇದ್ದೇ ಇರುತ್ತದೆ. ಆದ್ದರಿಂದ ಬಾಯಿಮಾತನ್ನು ಬಿಸಾಡಲೂಬಾರದು, ಪರೀಕ್ಷಿಸದೆ ನಂಬಲೂಬಾರದು. ವಿಜ್ಞಾನದ ಪಾಠವೂ ಇದೇ ತಾನೆ?

ಈಗ ಹೆಳವರ ಮಕ್ಕಳು ಶಾಲೆ ಓದಿ ಬೇರೆ ಕೆಲಸ ಹಿಡಿಯುತ್ತಿದ್ದಾರೆ. ಅದು ಒಳ್ಳೆಯದೇ. ಇತ್ತ ಕುಷ್ಟಗಿ, ಯಲಬುರ್ಗಾ ಕಡೆಯ ಒಣಬೇಸಾಯದ ಮನೆಗಳು ಬರ ಬಿದ್ದ ವರ್ಷ ಗುಳೆ ಹೋಗುತ್ತವೆ. ಬೆಂಗಳೂರು, ಮಂಗಳೂರು, ಗೋವಾದ ಕಟ್ಟಡದ ಕೆಲಸಗಳಲ್ಲಿ ಈ ಭಾಗದ ಜನ ಇದ್ದೇ ಇರುತ್ತಾರೆ. ಹೆಳವ ಬಂದರೂ ಬಾಗಿಲಿಗೆ ಬೀಗ. ಆ ಸಲದ ಹೆಸರುಗಳು ಸೇರುವುದಿಲ್ಲ. ಎರಡು ತಲೆಮಾರು ಹೀಗೆ ನಡೆದರೆ ಸರಪಳಿ ತುಂಡಾದಂತೆಯೇ.

ಫಸಲಿ ಸನ್ನಿನ ಲೆಕ್ಕ

ನಾಲಿಗೆಯ ಮಾತನ್ನು ಪರೀಕ್ಷಿಸಲು ಕಾಗದ ಬೇಕು. ಅದು ಇರುವುದು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ. ಆದರೆ ಅಲ್ಲಿಗೆ ಹೋಗುವ ಮುನ್ನ ಈ ಸೀಮೆಯ ಆಡಳಿತದ ಕಥೆ ಸ್ವಲ್ಪ ತಿಳಿದಿರಬೇಕು. 1948ರ ಸೆಪ್ಟೆಂಬರ್ 17ರವರೆಗೆ ಈ ನಾಲ್ಕೂ ತಾಲ್ಲೂಕುಗಳು ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಕೊಪ್ಪಳ, ಯಲಬುರ್ಗಾ ಎರಡೂ ಸಾಲಾರ್ ಜಂಗ್ ಮನೆತನದ ಜಹಗೀರು. ಕುಷ್ಟಗಿ ಮೊದಲು ಲಿಂಗಸುಗೂರು ಜಿಲ್ಲೆಯಲ್ಲಿತ್ತು. 1905ರಲ್ಲಿ ಆ ಜಿಲ್ಲೆಯನ್ನು ರದ್ದು ಮಾಡಿದಾಗ ರಾಯಚೂರಿಗೆ ಬಂತು. 1949ರಲ್ಲಿ ಜಹಗೀರುಗಳು ಹೋದವು. 1956ರಲ್ಲಿ ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. 1997ರಲ್ಲಿ ಕೊಪ್ಪಳವೇ ಜಿಲ್ಲೆಯಾಯಿತು. ಒಂದೇ ಹೊಲದ ಕಾಗದ ಹುಡುಕಲು ಇಷ್ಟು ಬಾಗಿಲು ತಟ್ಟಬೇಕಾಗಬಹುದು.

ಎರಡನೆಯ ತೊಡಕು ಭಾಷೆಯದು. ನಿಜಾಮನ ಆಡಳಿತ ಭಾಷೆ ಉರ್ದು. ಮುತ್ತಜ್ಜನ ಹೊಲದ ಕಾಗದ ಮನೆಯ ಪೆಟ್ಟಿಗೆಯಲ್ಲೇ ಇದ್ದರೂ ಮರಿಮಗನಿಗೆ ಓದಲು ಬರುವುದಿಲ್ಲ. ಊರಿನಲ್ಲಿ ಉರ್ದು ಬಲ್ಲ ಹಿರಿಯರೊಬ್ಬರು ಸಿಕ್ಕರೆ ಅರ್ಧ ಕೆಲಸ ಆದಂತೆ.

ಮೂರನೆಯದು ಕಾಲಗಣನೆ. ಆ ಕಾಗದಗಳಲ್ಲಿ ಇರುವುದು ಫಸಲಿ ಸನ್. ಹೈದರಾಬಾದಿನಲ್ಲಿ ಫಸಲಿ ವರ್ಷ ಅಕ್ಟೋಬರ್ ತಿಂಗಳಿನಲ್ಲಿ ಆರಂಭವಾಗುತ್ತಿತ್ತು. ಫಸಲಿಗೆ 590 ಕೂಡಿಸಿದರೆ ಆ ವರ್ಷ ಶುರುವಾದ ಇಸವಿ ಸಿಗುತ್ತದೆ. ಕಾಗದದಲ್ಲಿ ಫಸಲಿ 1340 ಎಂದಿದ್ದರೆ ಅದು 1930ರ ಅಕ್ಟೋಬರಿನಿಂದ 1931ರ ಅಕ್ಟೋಬರಿನವರೆಗಿನ ಅವಧಿ. ಹೈಸ್ಕೂಲು ವಿದ್ಯಾರ್ಥಿಗೆ ಇದು ಅರ್ಧ ನಿಮಿಷದ ಲೆಕ್ಕ.

ನಾಲ್ಕನೆಯದು ಹೆಸರಿನ ಗೊಂದಲ. ಈ ಭಾಗದ ಪಹಣಿಗಳಲ್ಲಿ ‘ಬಸಪ್ಪ ತಂದೆ ಶಿವಪ್ಪ’ ಎಂದು ಬರೆಯುವ ರೂಢಿ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವುದರಿಂದ ಮುಂದಿನ ತಲೆಮಾರು ‘ಶಿವಪ್ಪ ತಂದೆ ಬಸಪ್ಪ’, ಅದರ ಮುಂದೆ ಮತ್ತೆ ‘ಬಸಪ್ಪ ತಂದೆ ಶಿವಪ್ಪ’. ಹೆಸರಷ್ಟೇ ನೋಡಿದರೆ ಅಜ್ಜ ಮೊಮ್ಮಗ ಇಬ್ಬರೂ ಒಬ್ಬರೇ ಆಗಿಬಿಡುತ್ತಾರೆ. ಇಲ್ಲಿ ಸರ್ವೆ ನಂಬರು ಮತ್ತು ವರ್ಷ ಎರಡನ್ನೂ ಹಿಡಿದು ಬಿಡಿಸಬೇಕು.

ಹೆಣ್ಣುಮಕ್ಕಳ ಹುಡುಕಾಟ ಇನ್ನೂ ಕಷ್ಟ. ಹಳೆಯ ಪಹಣಿಯಲ್ಲಿ ಹೆಂಗಸಿನ ಹೆಸರು ಸಾಮಾನ್ಯವಾಗಿ ಬರುವುದು ಗಂಡ ತೀರಿಕೊಂಡ ಮೇಲೆ, ‘ಬಸಮ್ಮ ಗಂಡ ಶಿವಪ್ಪ’ ಎಂದು. ಆಕೆಯ ತವರು ಯಾವುದು, ತಂದೆ ತಾಯಿ ಯಾರು ಎಂಬ ಸುಳಿವು ಅಲ್ಲಿಲ್ಲ. ಹೆಳವನ ಹಾಡಿನಲ್ಲೂ ಮುಖ್ಯವಾಗಿ ಗಂಡುಮಕ್ಕಳ ಸಾಲೇ. ಕರ್ನಾಟಕದಲ್ಲಿ 1994ರ ತಿದ್ದುಪಡಿ, ಆಮೇಲೆ 2005ರ ಕೇಂದ್ರದ ತಿದ್ದುಪಡಿ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹಕ್ಕು ಕೊಟ್ಟವು. ನಾಡಕಚೇರಿಯ ವಂಶವೃಕ್ಷದಲ್ಲಿ ಮಗಳ ಹೆಸರು ಬಿಡದೆ ಬರೆಯಿಸುವುದಕ್ಕೆ ಈಗ ಕಾನೂನಿನ ಬಲವೂ ಇದೆ.

ಹೊಲವಿಲ್ಲದವರಿಗೆ ಪಹಣಿಯೂ ಇಲ್ಲ. ಅವರ ಪಾಲಿಗೆ ಉಳಿಯುವುದು ಶಾಲೆಯ ದಾಖಲಾತಿ ರಿಜಿಸ್ಟರು. ಅದರಲ್ಲಿ ಹಳೆಯ ಪುಟ ತಿರುವಿದರೆ ಅರ್ಧ ಊರೇ ಜೂನ್ 1ರಂದು ಹುಟ್ಟಿದಂತೆ ಕಾಣುತ್ತದೆ! ಹುಟ್ಟಿದ ದಿನ ಗೊತ್ತಿಲ್ಲದ ಮಕ್ಕಳಿಗೆ ಮೇಷ್ಟ್ರು ಅಂದಾಜಿನ ಮೇಲೆ ಆ ತಾರೀಖು ಹಾಕಿ ಸೇರಿಸಿಕೊಳ್ಳುತ್ತಿದ್ದರು. ಇಂಥ ಕಡೆ ಅಜ್ಜಿಯ ಮಾತು ಹೆಚ್ಚು ಕರಾರುವಾಕ್ಕು. ‘ರಜಾಕಾರರ ಗಲಾಟಿ ಒಳಗ ಊರು ಬಿಟ್ಟು ಹೋಗಿದ್ವಿ, ಆಗ ನಿಮ್ಮ ಅಪ್ಪ ತೊಟ್ಟಿಲಾಗಿದ್ದ’ ಎಂದರೆ ಅದು 1947-48ರ ಮಾತು. ಅಳವಂಡಿ ಶಿವಮೂರ್ತಿಸ್ವಾಮಿಗಳ ನಾಯಕತ್ವದ ಮುಂಡರಗಿ ಶಿಬಿರ ನಡೆದ ಕಾಲ. ‘ಧಾತು ಸಂವತ್ಸರದ ಬರ’ ಎಂದರೆ 1876ರಲ್ಲಿ ಶುರುವಾದ ದೊಡ್ಡ ಬರ. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುವುದರಿಂದ 1936ರಲ್ಲೂ ಧಾತು ಬಂದಿತ್ತು ಎಂಬುದನ್ನು ಮಾತ್ರ ಮರೆಯಬಾರದು.

ಗಂಗಾವತಿಯ ಮೂರು ಬಗೆ

ಕುಷ್ಟಗಿಯ ಕಡೆಯಿಂದ ದಕ್ಷಿಣಕ್ಕೆ ಇಳಿದು ಗಂಗಾವತಿ ಮುಟ್ಟಿದರೆ ಒಣಹೊಲ ಹೋಗಿ ಭತ್ತದ ಗದ್ದೆ ಬರುತ್ತದೆ. ಪೂರ್ವಜರ ಕಥೆಯೂ ಇಲ್ಲಿ ಬಣ್ಣ ಬದಲಿಸುತ್ತದೆ.

ತುಂಗಭದ್ರೆಯ ದಡದ ಆನೆಗೊಂದಿಯಲ್ಲಿ ವಿಜಯನಗರದ ಅರವೀಡು ಅರಸರ ವಂಶದವರೆಂದು ಹೇಳಿಕೊಳ್ಳುವ ಮನೆತನವಿದೆ. ಅರಸು ಮನೆತನದ ವಂಶಾವಳಿಯನ್ನು ಕೇಳಿ ಬರೆದುಕೊಳ್ಳಲು ಜನ ತಾವಾಗಿ ಬಂದರು. 1800ರ ಆಸುಪಾಸಿನಲ್ಲಿ ದಕ್ಷಿಣ ಭಾರತದ ಕೈಫಿಯತ್ತುಗಳನ್ನು ಸಂಗ್ರಹಿಸಿದ ಕಾಲಿನ್ ಮೆಕೆಂಜಿ ಇಲ್ಲಿನ ವೃತ್ತಾಂತವನ್ನೂ ಬರೆಸಿಕೊಂಡ. 1900ರಲ್ಲಿ ವಿಜಯನಗರದ ಚರಿತ್ರೆ ಬರೆದ ರಾಬರ್ಟ್ ಸಿವೆಲ್ ಕೂಡ ಈ ವಂಶದ ವಿಚಾರ ಎತ್ತಿದ್ದಾನೆ.

ಅದೇ ತಾಲ್ಲೂಕಿನ ‘ಕ್ಯಾಂಪು’ಗಳ ಕಥೆ ಬೇರೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟೆಯಿಂದ ಕಾಲುವೆಗೆ ನೀರು ಬಂದ ಮೇಲೆ ಆಂಧ್ರದ ಕರಾವಳಿಯಿಂದ ರೈತರು ಬಂದು ಇಲ್ಲಿ ನೆಲೆಸಿದರು. ಕ್ಯಾಂಪಿನ ಹುಡುಗ ಕನ್ನಡ ಶಾಲೆಯಲ್ಲಿ ಓದುತ್ತಾನೆ. ಅವನ ಮುತ್ತಜ್ಜನ ಊರು ಕೃಷ್ಣೆ ಗೋದಾವರಿಯ ಮುಖಜ ಭೂಮಿಯಲ್ಲಿದೆ. ಅತ್ತ ಕೊಪ್ಪಳ ತಾಲ್ಲೂಕಿನಲ್ಲಿ ಅದೇ ಅಣೆಕಟ್ಟೆಯ ಹಿನ್ನೀರಿಗೆ ಊರು ಬಿಟ್ಟುಕೊಟ್ಟವರಿದ್ದಾರೆ. ಅವರ ಮುತ್ತಜ್ಜನ ಊರು ನೀರಿನ ಅಡಿಯಲ್ಲಿದೆ. ಒಂದೇ ನೀರು ಕೆಲವರನ್ನು ಕರೆತಂದಿತು, ಕೆಲವರನ್ನು ಎಬ್ಬಿಸಿತು. ಎರಡೂ ಕಡೆಯ ಮಕ್ಕಳು ಹಿರಿಯರನ್ನು ಕೇಳಿ ಬರೆದುಕೊಳ್ಳಬೇಕಾದ ಕಥೆಯಿದು.

ಇನ್ನು ಹಿರೇಬೆಣಕಲ್ಲಿನ ಗುಡ್ಡ ಹತ್ತಿದರೆ ಎದುರಾಗುವವರು ಹೆಸರೇ ಇಲ್ಲದ ಪೂರ್ವಜರು. ಎರಡು ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ, ಚಪ್ಪಡಿ ಕಲ್ಲುಗಳನ್ನು ಗೋಡೆಯಂತೆ ನಿಲ್ಲಿಸಿ, ಮೇಲೊಂದು ಮುಚ್ಚಿ ಕಟ್ಟಿದ ನೂರಾರು ಶಿಲಾ ಸಮಾಧಿಗಳು ಇಲ್ಲಿವೆ. ಜನ ಇವನ್ನು ಮೋರೇರ ಮನೆಗಳೆನ್ನುತ್ತಾರೆ. ಅಕ್ಷರವಿಲ್ಲದ ಕಾಲದಲ್ಲೂ ಸತ್ತವರನ್ನು ಮರೆಯಬಾರದೆಂದು ಇಷ್ಟು ಭಾರದ ಕಲ್ಲು ಎತ್ತಿದ್ದಾರೆ.

ಇವರು ಯಾರ ಪೂರ್ವಜರು? ಇಲ್ಲೊಂದು ಲೆಕ್ಕ ಮಾಡಬಹುದು. ಪ್ರತಿಯೊಬ್ಬರಿಗೂ ತಂದೆ ತಾಯಿ ಇಬ್ಬರು, ಅಜ್ಜ ಅಜ್ಜಿಯರು 4, ಅದರ ಹಿಂದೆ 8. ಹತ್ತು ತಲೆಮಾರು ಹಿಂದೆ 1024. ಇಟಗಿಯ ಮಹಾದೇವನ ಕಾಲಕ್ಕೆ ಸುಮಾರು 36 ತಲೆಮಾರು. ಎರಡನ್ನು 36 ಸಲ ಗುಣಿಸಿದರೆ 6,800 ಕೋಟಿ ದಾಟುತ್ತದೆ! ಆಗ ಇಡೀ ಜಗತ್ತಿನ ಜನಸಂಖ್ಯೆಯೇ 50 ಕೋಟಿ ಮುಟ್ಟಿರಲಿಲ್ಲ. ಅಂದರೆ ಒಬ್ಬರೇ ಪೂರ್ವಜರು ಮತ್ತೆ ಮತ್ತೆ, ಎಲ್ಲರ ಪಟ್ಟಿಯಲ್ಲೂ ಬರುತ್ತಾರೆ. ಹಿಂದೆ ಹೋದಷ್ಟೂ ವಂಶಗಳು ಒಂದರೊಳಗೊಂದು ಹೆಣೆದುಕೊಳ್ಳುತ್ತವೆ. ವಂಶದ ಹೆಮ್ಮೆ ಇರಲಿ. ಅದನ್ನು ಹಿಡಿದು ಇನ್ನೊಬ್ಬರನ್ನು ಕೀಳೆನ್ನಲು ಗಣಿತ ಒಪ್ಪುವುದಿಲ್ಲ.

ಕೊಪ್ಪಳದ ಬಂಡೆ, ಕಿನ್ನಾಳದ ಕಾಗದ

ಕೊನೆಯ ನಿಲ್ದಾಣ ಕೊಪ್ಪಳ. ಇಲ್ಲಿನ ಗವಿಮಠದ ಗುಡ್ಡದಲ್ಲೂ ಪಾಲ್ಕಿಗುಂಡಿನಲ್ಲೂ ಅಶೋಕನ ಶಾಸನಗಳಿವೆ. ಆದರೆ ಅಂಥ ಬಹುಪಾಲು ಶಾಸನಗಳಂತೆ ಇವುಗಳಲ್ಲೂ ‘ದೇವಾನಾಂಪ್ರಿಯ’ ಎಂಬ ಬಿರುದಿದೆಯೇ ಹೊರತು ಅಶೋಕ ಎಂಬ ಹೆಸರಿಲ್ಲ. ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಬ್ರಾಹ್ಮಿ ಲಿಪಿ ಓದಿದ ಮೇಲೆ ಈ ದೇವಾನಾಂಪ್ರಿಯ ಅಶೋಕನೇ ಎಂದು ವಿದ್ವಾಂಸರು ಸಿಂಹಳದ ಗ್ರಂಥಗಳ ನೆರವಿನಿಂದ ಹೇಳಿದ್ದರು. ಕಲ್ಲಿನ ಸಾಕ್ಷಿ ಸಿಕ್ಕಿದ್ದು 1915ರಲ್ಲಿ, ಪಕ್ಕದ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ. ಅಲ್ಲಿ ಬಿರುದು ಹೆಸರು ಎರಡೂ ಒಟ್ಟಿಗೆ ಇದ್ದವು. ಮನೆಯ ಹಿರಿಯರನ್ನು ಹುಡುಕುವಾಗಲೂ ಹೀಗೆಯೇ. ಊರವರಿಗೆ ಅಜ್ಜ ‘ಗೌಡ್ರು’ ಅಥವಾ ‘ಮಾಸ್ತರ’. ಕಾಗದದಲ್ಲಿ ಬೇರೆ ಹೆಸರು. ಎರಡೂ ಒಟ್ಟಿಗೆ ಇರುವ ಒಂದು ಕಾಗದ ಸಿಕ್ಕರೆ ಬೀಗ ತೆರೆದಂತೆ.

ದಾಖಲೆ ಬರೆದವರು ಯಾರು ಎಂಬುದನ್ನೂ ಕೇಳಬೇಕು. 1858ರಲ್ಲಿ ಮುಂಡರಗಿ ಭೀಮರಾಯ ಮತ್ತು ಹಮ್ಮಿಗಿ ಕೆಂಚನಗೌಡ ಇದೇ ಕೊಪ್ಪಳ ಕೋಟೆಯಲ್ಲಿ ಬ್ರಿಟಿಷರೊಡನೆ ಹೋರಾಡಿ ಮಡಿದರು. ಸರಕಾರದ ಕಡತಕ್ಕೆ ಅವರು ದಂಗೆಕೋರರು, ಜನರ ನೆನಪಿಗೆ ವೀರರು. ಮನುಷ್ಯರು ಅವರೇ, ಬರೆದ ಕೈ ಬೇರೆ.

ಹತ್ತಿರದ ಕಿನ್ನಾಳದ ಚಿತ್ರಗಾರರ ಬಳಿ ಇನ್ನೊಂದು ಬಗೆಯ ದಾಖಲೆ. ಹಂಪಿಯ ವಿರೂಪಾಕ್ಷ ಗುಡಿಯ ಚಿತ್ರಗಳು ತಮ್ಮ ಹಿರಿಯರ ಕೆಲಸ ಎನ್ನುವುದು ಅವರ ನಂಬಿಕೆ. ಒಬ್ಬ ಕಲಾವಿದರ ಮನೆಯಲ್ಲಿ ದೊರೆತ ಹಳೆಯ ಕಾಗದದ ನಕ್ಷೆಗಳು ಇದಕ್ಕೆ ಇಂಬು ಕೊಡುತ್ತವೆಂದು ಹೇಳುತ್ತಾರೆ. ಅಡ್ಡಹೆಸರೇ ಇಲ್ಲಿ ಕಸುಬಿನ ಸುಳಿವು. ಬಡಿಗೇರ, ಕಂಬಾರ, ಚಿತ್ರಗಾರ ಎಂಬವು ಕಸುಬನ್ನು ಹೇಳಿದರೆ, ಊರಿನಿಂದ ಬಂದ ಅಡ್ಡಹೆಸರು ಹಿರಿಯರು ಎಲ್ಲಿಂದ ಬಂದರೆಂದು ಹೇಳುತ್ತದೆ. ಮನೆದೇವರ ಜಾತ್ರೆ ಯಾವ ಊರಲ್ಲೋ ಮೂಲಸ್ಥಳ ಅದರ ಆಸುಪಾಸು ಇರಬಹುದು.

ಜೀವಕೋಶದ ಸಾಕ್ಷಿ

ಎಲ್ಲ ದಾಖಲೆಗಳೂ ಬಿಟ್ಟವರನ್ನು ಪ್ರಕೃತಿ ಮಾತ್ರ ಬಿಟ್ಟಿಲ್ಲ. ನಮ್ಮ ಜೀವಕೋಶಗಳಲ್ಲಿ ಮೈಟೊಕಾಂಡ್ರಿಯ ಎಂಬ ಪುಟ್ಟ ಭಾಗಗಳಿವೆ. ಅವುಗಳಿಗೆ ತಮ್ಮದೇ ಡಿಎನ್‌ಎ ಉಂಟು. ಅದು ಮಕ್ಕಳಿಗೆ ಬರುವುದು ತಾಯಿಯಿಂದ. ತಾಯಿಗೆ ಆಕೆಯ ತಾಯಿಯಿಂದ. ಗಂಡುಮಕ್ಕಳಲ್ಲಿರುವ ವೈ ವರ್ಣತಂತು ತಂದೆಯಿಂದ ಮಗನಿಗೆ ಸಾಗುತ್ತದೆ. ಹೆಳವನ ಹಾಡು ವೈ ವರ್ಣತಂತುವಿನ ದಾರಿ ಹಿಡಿದರೆ, ಹಾಡು ಮರೆತ ಅವ್ವಂದಿರ ಸಾಲು ಪ್ರತಿಯೊಬ್ಬರ ಮೈಯೊಳಗೆ ಹಾಗೇ ಇದೆ. ಅದರಲ್ಲಿ ಹೆಸರಿಲ್ಲ ಅಷ್ಟೇ. ಹೆಸರು ಹಾಕುವ ಕೆಲಸ ಮನುಷ್ಯರದು.

ಹರಿದ್ವಾರದ ಪಂಡರ ವಂಶಾವಳಿ ವಹಿಗಳನ್ನು 1977ರಿಂದ ಅಮೆರಿಕದ ಯೂಟಾ ವಂಶಾವಳಿ ಸಂಸ್ಥೆಯವರು ಮೈಕ್ರೋಫಿಲ್ಮ್ ಮಾಡಿಕೊಂಡರು. ಕೊಪ್ಪಳದ ಒಂದು ಮನೆಯ ದಾಖಲೆಗೆ ಅಷ್ಟು ದೊಡ್ಡ ಯಂತ್ರ ಬೇಡ, ನೂರು ಪುಟದ ಒಂದು ನೋಟುಬುಕ್ಕು ಸಾಕು. ಬೇಸಿಗೆ ರಜೆಯಲ್ಲಿ ಊರಿಗೆ ಹೋದ ಮಕ್ಕಳು ಮನೆಯ ಅತಿ ಹಿರಿಯರ ಬಳಿ ಮೊದಲು ಕೂರಬೇಕು. ಹೆಸರು, ಊರು, ತವರು, ಮನೆದೇವರು, ಕಸುಬು, ಹುಟ್ಟಿದಾಗ ನಡೆದ ದೊಡ್ಡ ಸಂಗತಿ ಇಷ್ಟನ್ನು ಕೇಳಿ ಬರೆಯಬೇಕು. ಯಾರು ಹೇಳಿದ್ದು, ಎಂದು ಹೇಳಿದ್ದು ಎಂಬುದನ್ನು ಪಕ್ಕದಲ್ಲಿ ಗುರುತು ಹಾಕಬೇಕು. ಆಮೇಲೆ ಪೆಟ್ಟಿಗೆಯ ಕಾಗದ, ಶಾಲೆಯ ರಿಜಿಸ್ಟರು, ಪಹಣಿಗಳ ಜೊತೆ ತಾಳೆ ನೋಡಬೇಕು. ಹೆಳವ ಬರುವ ಊರಾದರೆ ಬಂದ ದಿನ ಅವನನ್ನು ಬರಿಗೈಲಿ ಕಳಿಸದೆ, ಅವನು ಹೇಳಿದ್ದನ್ನು ಬರೆದುಕೊಳ್ಳಬೇಕು. ಪಹಣಿಯ ನಕಲು ಮುಂದಿನ ವರ್ಷವೂ ಕಚೇರಿಯಲ್ಲಿ ಸಿಕ್ಕೀತು. ಎಂಬತ್ತು ದಾಟಿದ ಅಜ್ಜಿಯ ಮಾತಿಗೆ ನಕಲಿಲ್ಲ. ಆದ್ದರಿಂದ ಮೊದಲ ಪುಟಕ್ಕೆ ಅಜ್ಜಿಯ ಹೆಸರು, ಅದರ ಕೆಳಗೆ ಅಜ್ಜಿಯ ತಾಯಿಯ ಹೆಸರು ಬರಲಿ.